ಹಾಲಮ್ಮ ಕಟ್ಟಿದ ಎರಡು ಬೇಲಿ

ಮೇಲುಹಟ್ಟಿಗೆ ರಸ್ತೆ ಇರಲಿಲ್ಲ. ಬೆಟ್ಟದ ಬುಡದಿಂದ ಊರಿನವರೆಗೆ ಒಂದು ಕಾಲುದಾರಿ, ಅಷ್ಟೆ. ಅದರ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. ರಾಗಿ, ಉಪ್ಪು, ಸೀಮೆಎಣ್ಣೆ, ಮಕ್ಕಳ ಪುಸ್ತಕ, ಎಲ್ಲವೂ ಕುದುರೆಯ ಬೆನ್ನ ಮೇಲೆಯೇ ಬರಬೇಕು. ಮುದುಕರು, ಬಸುರಿಯರು, ಕಾಯಿಲೆಯವರು ಕುದುರೆಯ ಬೆನ್ನ ಮೇಲೆಯೇ ಇಳಿಯಬೇಕು. ಆ ಕುದುರೆಗಳನ್ನು ಸಾಕುತ್ತಿದ್ದವಳು ಹಾಲಮ್ಮ.

ಅವಳ ಹತ್ತಿರ ಮೂರು ಗಂಡು ಕುದುರೆಗಳಿದ್ದವು. ಕೆಂಪ, ಬೂದ, ಚುಕ್ಕ. ಮೂರಕ್ಕೂ ಎಳೆಯ ವಯಸ್ಸಿನಲ್ಲೇ ಬೀಜ ತೆಗೆಸಿ ಆಗಿತ್ತು. ಹಾಗೆ ಮಾಡಿದ ಗಂಡು ಕುದುರೆ ಸಾಧುವಾಗಿರುತ್ತದೆ, ಹೊರೆ ಹೊರಲು ನಂಬಿಕಸ್ತ ಎಂದು ಎಲ್ಲರೂ ಹೇಳುತ್ತಾರೆ. ಹಾಲಮ್ಮನ ಮೂರೂ ಹಾಗೆಯೇ ಇದ್ದವು. ಏಳು ವರ್ಷ ಒಂದೇ ಬಯಲಿನಲ್ಲಿ ಮೇದವು, ಒಂದೇ ಗುಂಡಿಯಲ್ಲಿ ನೀರು ಕುಡಿದವು. ಒಂದಕ್ಕೊಂದು ಗೀರು ಹಾಕಿದ್ದನ್ನು ಅವಳು ಕಂಡವಳಲ್ಲ.

ಆ ವರ್ಷ ಬೆಟ್ಟದ ಆಚೆ ಕುದುರೆ ಸಾಕುತ್ತಿದ್ದ ಹಿರಿಯರೊಬ್ಬರು ತೀರಿಕೊಂಡರು. ಅವರ ಮನೆಯವರು ಎರಡು ಹೆಣ್ಣು ಕುದುರೆಗಳನ್ನು ತಂದು ಹಾಲಮ್ಮನಿಗೆ ಒಪ್ಪಿಸಿದರು. ದೊಡ್ಡದು ಗೌರಿ. ಚಿಕ್ಕದು ತುಂಗೆ. ಹೊರೆ ಹೊರಲು ಇನ್ನೆರಡು ಬೆನ್ನು ಸಿಕ್ಕಿದವಲ್ಲ ಎಂದು ಹಾಲಮ್ಮನಿಗೆ ಸಂತೋಷವಾಯಿತು. ಬಂದ ದಿನವೇ ಎರಡನ್ನೂ ಆ ಮೂರರ ಜೊತೆ ಬಯಲಿಗೆ ಬಿಟ್ಟಳು. ಬೀಜ ತೆಗೆಸಿದ ಗಂಡುಗಳು ಹೆಣ್ಣುಗಳ ಗೊಡವೆಗೆ ಹೋಗುವುದಿಲ್ಲ ಎಂದೇ ಅವಳು ತಿಳಿದಿದ್ದಳು.

ನಾಲ್ಕನೆಯ ದಿನ ಬೂದನ ಕುತ್ತಿಗೆಯ ಮೇಲೆ ಹಲ್ಲಿನ ಗುರುತು ಕಂಡಿತು. ಆರನೆಯ ದಿನ ಚುಕ್ಕ ಕುಂಟುತ್ತಿತ್ತು. ಕೆಂಪ ಎರಡು ಹೆಣ್ಣು ಕುದುರೆಗಳನ್ನೂ ಬಯಲಿನ ಮೂಲೆಗೆ ಅಟ್ಟಿಕೊಂಡು ಹೋಗಿ ಮುಂದೆ ನಿಂತಿದ್ದ. ಕಿವಿ ಹಿಂದಕ್ಕೆ ಮಲಗಿಸಿ, ತಲೆ ನೆಲದ ಮಟ್ಟಕ್ಕೆ ಇಳಿಸಿ, ಹತ್ತಿರ ಬಂದವರ ಮೇಲೆ ನುಗ್ಗುತ್ತಿದ್ದ. ಆಮೇಲೆ ಹಾಲಮ್ಮನಿಗೆ ಬೆಳಿಗ್ಗೆ ಏಳುವುದೆಂದರೇ ಭಯವಾಗತೊಡಗಿತು. ಮುಖ ತೊಳೆಯುವ ಮೊದಲೇ ಬಯಲಿಗೆ ಓಡುವಳು. ಇವತ್ತು ಯಾರ ಮೈಮೇಲೆ ಎಷ್ಟು ಗಾಯ ಎಂದು ನೋಡುವಳು. ತಾನಾಗಿ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುವಳು.

ಸರಿಹೋಗಲಿಲ್ಲ.

ಊರಿನ ಸೂಲಗಿತ್ತಿ ನಂಜಜ್ಜಿ ಒಂದು ಬೆಳಿಗ್ಗೆ ತುಂಗೆಯ ಮೇಲೆ ಕೂತು ಕೆಳಗಿನ ಊರಿಗೆ ಹೊರಟಿದ್ದಳು. ಹಾಲಮ್ಮ ತುಂಗೆಯ ಹಗ್ಗ ಹಿಡಿದಿದ್ದಳು. ಹಿಂದೆ ಬೂದ, ಅದರ ಹಿಂದೆ ಕೆಂಪ, ಎರಡೂ ಖಾಲಿ ಚೀಲ ಹೊತ್ತು ಬರುತ್ತಿದ್ದವು. ದಾರಿ ಕಿರಿದಾಗುವ ತಿರುವಿನಲ್ಲಿ ಬೂದ ತುಂಗೆಯ ಬಾಲದ ಹತ್ತಿರಕ್ಕೆ ಬಂತು. ಕೆಂಪನಿಗೆ ಅದನ್ನು ಸಹಿಸಲಾಗಲಿಲ್ಲ. ಬಂಡೆಗೆ ಉಜ್ಜಿಕೊಂಡು ಮುಂದೆ ನುಗ್ಗಿ ಬೂದನ ಹೆಗಲಿಗೆ ಬಾಯಿ ಹಾಕಿದ. ಬೂದ ಬೆದರಿ ತುಂಗೆಯ ಮೇಲೆ ಬಿದ್ದಿತು. ತುಂಗೆ ಮುಂಗಾಲೆತ್ತಿತು. ನಂಜಜ್ಜಿ ಕೆಳಗೆ ಬಿದ್ದಳು.

ಪುಣ್ಯಕ್ಕೆ ಬಂಡೆಯ ಕಡೆಗೆ ಬಿದ್ದಳು. ಕಣಿವೆಯ ಕಡೆಗೆ ಬಿದ್ದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಬಲಗೈ ಮಣಿಕಟ್ಟು ಮುರಿದಿತ್ತು.

ಇಷ್ಟೇ ಆಗಿದ್ದರೆ ಊರು ಹೇಗೋ ತಡೆದುಕೊಳ್ಳುತ್ತಿತ್ತೇನೋ. ಆದರೆ ಊರಿನ ಹಿರಿಯ ಮುದ್ದಯ್ಯನ ಸೊಸೆ ಮಾದೇವಿಗೆ ದಿನ ತುಂಬುತ್ತಾ ಬಂದಿತ್ತು. ಮಗು ಅಡ್ಡ ಇದೆ ಎಂದು ನಂಜಜ್ಜಿ ಮೊದಲೇ ಹೇಳಿದ್ದಳು. ಎರಡು ಕೈ ಸರಿಯಿದ್ದರೂ ಇದು ನನ್ನಿಂದಾಗುವ ಹೆರಿಗೆಯಲ್ಲ, ಈಗಂತೂ ಒಂದೇ ಕೈ, ಹುಣ್ಣಿಮೆಯೊಳಗೆ ಅವಳನ್ನು ಕೆಳಗೆ ಆಸ್ಪತ್ರೆಯ ಹತ್ತಿರ ಸೇರಿಸಿಬಿಡಿ ಎಂದು ಖಡಾಖಂಡಿತವಾಗಿ ಹೇಳಿದಳು. ಡೋಲಿ ಹೊರೋಣವೆಂದರೆ ಊರಿನಲ್ಲಿ ಗಟ್ಟಿ ಗಂಡಸರಿರಲಿಲ್ಲ. ಮಾದೇವಿಯ ಗಂಡನೂ ಸೇರಿ ಎಲ್ಲರೂ ದೂರದ ಕಾಫಿ ತೋಟಗಳಿಗೆ ಕೊಯ್ಲಿಗೆ ಹೋಗಿದ್ದರು. ಉಳಿದದ್ದು ಕುದುರೆ. ಹುಣ್ಣಿಮೆಗೆ ಹದಿನೆಂಟು ದಿನ ಇತ್ತು.

ಮುದ್ದಯ್ಯ ಹಾಲಮ್ಮನ ಮನೆಯ ಮುಂದೆ ಬಂದು ನಿಂತ. ಗಟ್ಟಿಯಾಗಿ ಮಾತಾಡುವ ಮನುಷ್ಯನಲ್ಲ. "ಹಾಲವ್ವ, ನಿನ್ನ ಕುದುರೆ ಮೇಲೆ ಅವಳನ್ನ ಕೂರಿಸಲೋ ಬೇಡವೋ, ನೀನೇ ಹೇಳು" ಎಂದ.

ಅವನು ಹೋದ ಮೇಲೆ ಹಾಲಮ್ಮ ಹಗ್ಗ ತೆಗೆದುಕೊಂಡು ಬಯಲಿಗೆ ಹೋದಳು. ಕೆಂಪನನ್ನು ಮರಕ್ಕೆ ಬಿಗಿದು ತನ್ನ ಕೈ ಸೋಲುವವರೆಗೆ ಹೊಡೆದಳು. ಅದುವರೆಗೆ ಅವಳು ಯಾವ ಕುದುರೆಗೂ ಹೊಡೆದವಳಲ್ಲ. ಹೊಡೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಕೆಂಪನೂ ಅಲ್ಲ. ತಿರುವಿನಲ್ಲಿ ಮುಂಗಾಲೆತ್ತಿದ ಕುದುರೆ, ಅದರ ಮೇಲೆ ಮಾದೇವಿ.

ಆಮೇಲೆ ಕೆಂಪನನ್ನು ಬಿಚ್ಚಿಬಿಟ್ಟು, ಗೌರಿಯನ್ನೂ ತುಂಗೆಯನ್ನೂ ಹಳೆಯ ಕಲ್ಲಿನ ದೊಡ್ಡಿಗೆ ಕೂಡಿದಳು. ಆಳೆತ್ತರದ ಗೋಡೆ. ಒಳಗಿದ್ದವಕ್ಕೆ ಹೊರಗಿನದು ಕಾಣದು, ಹೊರಗಿದ್ದವಕ್ಕೆ ಒಳಗಿನದು ಕಾಣದು. ಕಣ್ಣಿಗೆ ಬೀಳದಿದ್ದರೆ ಮರೆತುಬಿಡುತ್ತವೆ ಎಂದುಕೊಂಡಳು.

ಆ ದಿನವೆಲ್ಲ ಬೆಟ್ಟ ಕೆನೆತದಿಂದ ತುಂಬಿಹೋಯಿತು. ಒಳಗಿನವು ಕೂಗಿದರೆ ಹೊರಗಿನವು ಕೂಗುತ್ತಿದ್ದವು. ಕೆಂಪ ಗೋಡೆಯ ಉದ್ದಕ್ಕೂ ಓಡಾಡಿ ಓಡಾಡಿ ನೆಲದಲ್ಲಿ ಗಾಡಿಜಾಡಿನಂಥ ಗುಣಿ ಬಿತ್ತು. ಮೇವು ಮುಟ್ಟಲಿಲ್ಲ. ಗೋಡೆಗೆ ಎದೆ ತಿಕ್ಕಿ ತಿಕ್ಕಿ ಚರ್ಮ ಕಿತ್ತುಬಂತು. ಒಳಗೆ ತುಂಗೆ ಬೆವರಿನಲ್ಲಿ ತೊಯ್ದು ನಡುಗುತ್ತಿತ್ತು. ಏಳು ವರ್ಷ ಅಣ್ಣತಮ್ಮಂದಿರಂತಿದ್ದ ಬೂದ ಮತ್ತು ಚುಕ್ಕ ಕೂಡ ಒಂದನ್ನೊಂದು ಒದೆಯತೊಡಗಿದವು.

ಮುದ್ದಯ್ಯ ಎರಡನೆಯ ಸಲ ಬಂದು, ಕೆಂಪನನ್ನು ಕೆಳಗಿನ ಊರಿನವರಿಗೆ ಕೊಟ್ಟುಬಿಡು, ಅದೊಂದು ಹೋದರೆ ಎಲ್ಲ ತಣ್ಣಗಾಗುತ್ತದೆ ಎಂದ. ಹಾಲಮ್ಮ ಮುಕ್ಕಾಲು ಪಾಲು ಒಪ್ಪಿಕೊಂಡಳು. ಆದರೂ ಕೊಡುವ ಮೊದಲು ಒಬ್ಬರನ್ನು ಕೇಳಿ ಬರೋಣ ಎಂದು ಬೆಟ್ಟ ಇಳಿದಳು.

ಬೆಟ್ಟದ ಬುಡದಲ್ಲಿ ಬುಡನ್ ಸಾಬ್ ಎಂಬ ವೃದ್ಧರಿದ್ದರು. ಹರೆಯದಲ್ಲಿ ಕುದುರೆ ಪೊಲೀಸರ ಲಾಯದಲ್ಲಿ ನಲವತ್ತು ಕುದುರೆ ನೋಡಿಕೊಂಡವರು. ಈಗ ಮಂಡಿ ಹಿಡಿದುಕೊಂಡು ಅಂಗಳ ದಾಟುವುದೂ ಕಷ್ಟ. ಹಾಲಮ್ಮ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವರು ಮೂರು ಪ್ರಶ್ನೆ ಕೇಳಿದರು. ಐದರಲ್ಲಿ ಮೊದಲು ನೀರು ಕುಡಿಯುವುದು ಯಾವುದು? ಗೌರಿ ಎದ್ದು ನಡೆದರೆ ಯಾವುದು ದಾರಿ ಬಿಡುತ್ತದೆ? ಕೆಂಪ ನುಗ್ಗುವ ಮೊದಲು ತುಂಗೆ ಎಲ್ಲಿ ನಿಂತಿರುತ್ತದೆ?

ಹಾಲಮ್ಮನಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಹದಿನೈದು ದಿನದಿಂದ ಅವಳು ಗಾಯಗಳನ್ನು ಮಾತ್ರ ನೋಡಿದ್ದಳು.

ಬುಡನ್ ಸಾಬರು ಹೇಳಿದ್ದಿಷ್ಟು. ದೊಡ್ಡಿಯ ಬಾಗಿಲು ತೆಗೆ. ಹಗಲು ಹೊತ್ತು ಐದನ್ನೂ ದೊಡ್ಡ ಬಯಲಿಗೆ ಬಿಡು, ಅಲ್ಲಿ ಓಡಿ ತಪ್ಪಿಸಿಕೊಳ್ಳಲು ಜಾಗವಿದೆ. ಮೂರು ದಿನ ಸುಮ್ಮನೆ ಕೂತು ನೋಡು. ಬೇರೇನೂ ಮಾಡಬೇಡ.

ಹಾಲಮ್ಮನಿಗೆ ಅಳು ಬಂತು. ಇರುವುದೇ ಹದಿನಾರು ದಿನ, ಅದರಲ್ಲಿ ಮೂರು ದಿನ ಕೂತು ಕಳೆಯಲೇ ಎಂದು ಕೇಳಿದಳು.

"ಮೂರು ದಿನ ಉಳಿಸೋಕೆ ಹೋದರೆ ಹದಿನಾರೂ ಕೈ ಬಿಡುತ್ತೆ ತಾಯಿ" ಎಂದರು ಅವರು. "ಹೋಗು. ನೀನು ಕಂಡದ್ದನ್ನ ತಗೊಂಡು ಬಾ. ಅಂದುಕೊಂಡದ್ದು ಬೇಡ."

ಮರುದಿನವೆಲ್ಲ ಹಾಲಮ್ಮ ಬಯಲಿನ ಅಂಚಿನ ಕಲ್ಲಿನ ಮೇಲೆ ಕೂತಳು. ಕೈಯಲ್ಲಿ ಹಗ್ಗ ಇತ್ತು. ಕೆಂಪ ಎರಡು ಸಲ ಬೂದನನ್ನು ಅಟ್ಟಿಸಿಕೊಂಡು ಹೋದ. ಮೂರು ದಿನ ಕಾಯಲಾಗದೆ ಮಾರನೆಯ ಬೆಳಿಗ್ಗೆಯೇ ಇಳಿದುಹೋಗಿ, ಕೆಂಪನಿಗೆ ಕೊಬ್ಬು, ಅದಕ್ಕೆ ಹೊಟ್ಟೆಕಿಚ್ಚು, ಅದು ಹುಟ್ಟಾ ಕೆಟ್ಟದ್ದು ಎಂದಳು.

"ಕೊಬ್ಬು ಯಾವ ಬಣ್ಣ ಇತ್ತು? ಹೊಟ್ಟೆಕಿಚ್ಚು ಎಷ್ಟುದ್ದ ಇತ್ತು?" ಎಂದು ಬುಡನ್ ಸಾಬರು ಕೇಳಿದರು. ಆಮೇಲೆ ಅವಳಿಗೆ ಚಹಾ ಕುಡಿಸಿ ವಾಪಸು ಕಳಿಸಿದರು.

ಬೆಟ್ಟ ಹತ್ತುವಾಗ ಅವಳಿಗೆ ಅವಮಾನವೂ ಆಗಿತ್ತು, ಹೆದರಿಕೆಯೂ ಆಗಿತ್ತು. ಹದಿನಾಲ್ಕು ದಿನ ಉಳಿದಿತ್ತು. ದಾರಿಯಲ್ಲಿ ಮಾದೇವಿ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು ಎನಿಸಿತು ಹಾಲಮ್ಮನಿಗೆ.

ಉಳಿದ ಎರಡು ದಿನ ಅವಳು ನಿಜವಾಗಿ ನೋಡಿದಳು.

ನೀರಿನ ಗುಂಡಿ ಎರಡು ಬಂಡೆಗಳ ನಡುವೆ ಇತ್ತು. ಒಳಗೆ ಹೋಗಲು ಒಂದೇ ದಾರಿ, ಹೊರಗೆ ಬರಲೂ ಅದೇ. ಹೆಣ್ಣು ಕುದುರೆಗಳು ಒಳಗೆ ಹೋದಾಗ ಕೆಂಪ ಆ ದಾರಿಯ ಬಾಯಿಯಲ್ಲಿ ನಿಲ್ಲುತ್ತಿದ್ದ. ಬೂದನಿಗೂ ಬಾಯಾರಿಕೆ, ಅದು ಬರುತ್ತಿತ್ತು. ಜಗಳ ಹುಟ್ಟುತ್ತಿದ್ದದ್ದು ಅಲ್ಲಿ. ಬಯಲಿನ ನಡುವೆ ಬೂದ ಮುಖ ತಿರುಗಿಸಿ ದೂರ ಹೋದರೆ ಕೆಂಪ ಹಿಂದೆ ಬೀಳುತ್ತಿರಲಿಲ್ಲ. ಹತ್ತು ಹೆಜ್ಜೆಗೆ ನಿಂತುಬಿಡುತ್ತಿದ್ದ. ಕೆಂಪ ತುಂಗೆಯನ್ನು ಎಳೆದುಕೊಂಡು ಹೋಗುತ್ತಾನೆ ಎಂದು ಅವಳು ತಿಳಿದಿದ್ದಳು. ಅದೂ ಪೂರ್ತಿ ನಿಜವಲ್ಲ. ಹೊಸ ಜಾಗಕ್ಕೆ ಹೆದರಿದ್ದ ತುಂಗೆ ಸದ್ದಾದಾಗಲೆಲ್ಲ ತಾನಾಗಿಯೇ ಓಡಿ ಅವನ ಬೆನ್ನ ಹಿಂದೆ ನಿಲ್ಲುತ್ತಿತ್ತು. ಗೌರಿ ಮಾತ್ರ ಯಾರಿಗೂ ಹೆದರುತ್ತಿರಲಿಲ್ಲ. ಅದು ಕತ್ತು ಹೊರಳಿಸಿ ಒಮ್ಮೆ ನೋಡಿದರೆ ಕೆಂಪನೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ.

ಕೊನೆಯ ದಿನ ಮಧ್ಯಾಹ್ನ ಇನ್ನೊಂದು ಕಂಡಿತು. ಐದೂ ಕುದುರೆಗಳು ತಲೆ ತಗ್ಗಿಸಿ ಸಮಾಧಾನವಾಗಿ ಮೇಯುತ್ತಿದ್ದವು. ಕಾಲು ಜೋಮು ಹಿಡಿದು ಹಾಲಮ್ಮ ಎದ್ದು ನಿಂತಳು. ಕೈಯಲ್ಲಿ ಹಗ್ಗ ಇದ್ದೇ ಇತ್ತು. ಒಂದೇ ಸಲಕ್ಕೆ ಐದೂ ತಲೆ ಎತ್ತಿದವು. ಕೆಂಪ ಅವಳನ್ನು ನೋಡಿದ, ಕಿವಿ ಮಲಗಿಸಿದ, ಹೆಣ್ಣು ಕುದುರೆಗಳನ್ನು ಅಟ್ಟಿಕೊಂಡು ಮೂಲೆಗೆ ಓಡಿದ. ಅಡ್ಡ ಬಂದ ಬೂದನನ್ನು ಕಚ್ಚಿದ.

ಹಾಲಮ್ಮ ನಿಂತಲ್ಲೇ ಕೂತಳು. ಹಗ್ಗವನ್ನು ಬೆನ್ನ ಹಿಂದೆ ಇಟ್ಟಳು.

ಮರುದಿನ ಬುಡನ್ ಸಾಬರ ಹತ್ತಿರ ಇದನ್ನೆಲ್ಲ ಕಂಡ ಹಾಗೆಯೇ ಹೇಳಿದಳು. ಕೊನೆಯದನ್ನು ಹೇಳುವಾಗ ತಲೆ ತಗ್ಗಿಸಿದಳು.

ಅವರು ನಿಧಾನವಾಗಿ ಹೇಳಿದರು. "ಬೀಜ ತೆಗೀಬಹುದು ತಾಯಿ, ಮಂದೆ ಕಾಯೋ ಮನಸ್ಸು ತೆಗೆಯೋಕಾಗಲ್ಲ. ಕೆಲವಕ್ಕೆ ಅದು ಮಲಗಿರುತ್ತೆ, ಹೆಣ್ಣು ಬಂದಾಗ ಏಳುತ್ತೆ. ಅವನು ಕದೀತಾ ಇಲ್ಲ, ಕಾಯ್ತಾ ಇದ್ದಾನೆ. ಯಾರಿಂದ ಕಾಯಬೇಕು ಅಂತ ಅವನಿಗೆ ಗೊತ್ತಿಲ್ಲ, ಅಷ್ಟೆ. ನೀನು ಹೆದರಿದಷ್ಟೂ ಅವನಿಗೆ ಕೆಲಸ ಜಾಸ್ತಿ."

ಮಾಡಬೇಕಾದದ್ದನ್ನೂ ಅವರೇ ಹೇಳಿಕೊಟ್ಟರು. ಗಂಡು ಕುದುರೆಗಳು ಬೇರೆ, ಹೆಣ್ಣು ಕುದುರೆಗಳು ಬೇರೆ ಇರಲಿ. ಆದರೆ ನಡುವೆ ಗೋಡೆ ಬೇಡ. ಎರಡು ಬಿದಿರು ಬೇಲಿ ಕಟ್ಟು, ಎರಡರ ನಡುವೆ ನಾಲ್ಕು ಮಾರು ಜಾಗ ಬಿಡು. ಒಂದನ್ನೊಂದು ನೋಡಲಿ, ಕಚ್ಚಲು ಸಿಗದಿರಲಿ. ಎರಡು ಕಡೆಗೂ ಬೇರೆ ಬೇರೆ ನೀರು, ಅದೂ ಬಯಲಿನ ನಡುವೆ, ಮೂಲೆಯಲ್ಲಲ್ಲ. ಮೂರು ಕುದುರೆಗೆ ಐದು ಕಡೆ ಹುಲ್ಲು ಹಾಕು, ಒಂದನ್ನು ಓಡಿಸಿದರೆ ಅದಕ್ಕೆ ಇನ್ನೊಂದು ಕಡೆ ಸಿಗಬೇಕು. ದಾರಿಯಲ್ಲಿ ಗಂಡು ಹೆಣ್ಣು ಒಟ್ಟಿಗೆ ಬೇಡವೇ ಬೇಡ. ಹೆಣ್ಣು ಕುದುರೆಗಳನ್ನು ಹೊರಗೆ ಕರೆದೊಯ್ಯುವುದನ್ನು ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸು. ಹಗ್ಗ ಬೇಕಾದಾಗ ಮಾತ್ರ ಕೈಗೆ ತಗೋ.

ಹನ್ನೆರಡು ದಿನ ಉಳಿದಿತ್ತು. ಬಿದಿರು ಕಡಿಯಲು, ಗೂಟ ನೆಡಲು ಎರಡು ದಿನ ಹಿಡಿಯಿತು. ಮುದ್ದಯ್ಯ ಗೊಣಗುತ್ತಲೇ ಬಂದು ಜೊತೆಗೆ ನಿಂತು ಕಟ್ಟಿದ. ಬೇಲಿ ಮುಗಿದ ಸಂಜೆ ಕೆಂಪ ಒಂದು ಗಂಟೆ ಬೇಲಿಯ ಉದ್ದಕ್ಕೂ ಓಡಾಡಿದ. ಆಚೆ ಗೌರಿ ಮೇಯುವುದು ಕಾಣುತ್ತಿತ್ತು. ಆಮೇಲೆ ಅವನೂ ತಲೆ ತಗ್ಗಿಸಿದ.

ಮೊದಲ ದಿನ ಹಾಲಮ್ಮ ಹೆಣ್ಣು ಕುದುರೆಗಳನ್ನು ಹುಣಸೆ ಮರದವರೆಗೆ ನಡೆಸಿ ವಾಪಸು ತಂದಳು. ಕೆಂಪ ಕೂಗಿದ. ಎರಡನೆಯ ದಿನ ಬೆಟ್ಟದ ಮರೆಗೆ ಹೋಗಿ ಬಂದಳು. ಕೆಂಪ ಎದೆಯಿಂದ ಬೇಲಿಯನ್ನು ದೂಡಿದ. ಒಂದು ಗೂಟ ಅಲುಗಿತು. ಅವಳು ಅದಕ್ಕೆ ಕಲ್ಲು ಕೊಟ್ಟು ಬಿಗಿ ಮಾಡಿದಳು. ಐದನೆಯ ದಿನ ತಿರುವಿನವರೆಗೆ ಹೋಗಿ ಬಂದಾಗಲೂ ಅವನು ಕೂಗುತ್ತಲೇ ಇದ್ದ. ಎಂಟನೆಯ ದಿನ ಅವನು ಎರಡೇ ಸಲ ಕೂಗಿದ. ಸಾಕೇ, ಸಾಲದೇ? ಹೇಳುವವರು ಯಾರೂ ಇರಲಿಲ್ಲ. ಇನ್ನು ಕಾಯಲು ದಿನಗಳೂ ಇರಲಿಲ್ಲ.

ಹುಣ್ಣಿಮೆಗೆ ಎರಡು ದಿನ ಮೊದಲು, ಬಿಸಿಲೇರುವ ಹೊತ್ತಿಗೆ, ಮಾದೇವಿಯನ್ನು ಗೌರಿಯ ಮೇಲೆ ಕೂರಿಸಿದರು. ತುಂಗೆಯ ಮೇಲೆ ಯಾರು ಎಂದಾಗ ನಂಜಜ್ಜಿ ಕೈಗೆ ಕಟ್ಟು ಹಾಕಿಕೊಂಡೇ ಮುಂದೆ ಬಂದಳು. ಬೇಡ ಎಂದವರಿಗೆ, ನನ್ನನ್ನು ಬೀಳಿಸಬೇಕೆಂದು ತುಂಗೆ ಬೀಳಿಸಲಿಲ್ಲ, ಹುಡುಗಿಗೆ ದಾರಿಯಲ್ಲಿ ನೋವು ಬಂದರೆ ನೀವೇನು ಮಾಡುತ್ತೀರಿ ಎಂದು ಬಾಯಿ ಮುಚ್ಚಿಸಿದಳು. ಗೌರಿಯ ಹಗ್ಗ ಹಾಲಮ್ಮನ ಕೈಯಲ್ಲಿ, ತುಂಗೆಯದು ಮುದ್ದಯ್ಯನ ಕೈಯಲ್ಲಿ.

ತಿರುವಿನ ಹತ್ತಿರ ಬಂದಾಗ ಮೇಲಿನಿಂದ ಕೆಂಪನ ಕೂಗು ಕೇಳಿತು. ಗೌರಿ ನಿಂತುಬಿಟ್ಟಿತು. ಕಿವಿಗಳು ಹಿಂದಕ್ಕೆ ತಿರುಗಿದವು. ಇನ್ನೊಂದು ಕೂಗು. ಎಲ್ಲೋ ಒಂದು ಕಲ್ಲು ಉರುಳಿದ ಸದ್ದು. ಬೇಲಿ ಮುರಿಯಿತೇ, ಕಲ್ಲು ತಾನಾಗಿ ಉರುಳಿತೇ, ತಿಳಿಯಲಿಲ್ಲ. ಕೆಳಗೆ ಕಣಿವೆ. ಮುದ್ದಯ್ಯ ತುಂಗೆಯನ್ನು ಬಂಡೆಗೆ ಒತ್ತಿ ನಿಲ್ಲಿಸಿದ.

"ಅಕ್ಕ, ಅದು ಬರ್ತಾ ಇದೆಯಾ?" ಎಂದಳು ಮಾದೇವಿ. ಎರಡೂ ಕೈಯಲ್ಲಿ ಜೂಲು ಹಿಡಿದಿದ್ದಳು.

ಹಾಲಮ್ಮನ ಕೈ ತಾನಾಗಿಯೇ ಹಗ್ಗ ಜಗ್ಗಲು ಹೊರಟಿತ್ತು. ಜಗ್ಗಿ, ಹೊಡೆದು, ಓಡಿಸಿಕೊಂಡು ಹೋಗಿಬಿಡೋಣ ಎಂದು ಮೈಯೆಲ್ಲ ಹೇಳುತ್ತಿತ್ತು. ಅವಳು ಹಗ್ಗವನ್ನು ಸಡಿಲ ಬಿಟ್ಟಳು. "ನನಗೆ ಗೊತ್ತಿಲ್ಲ ಕಣವ್ವ. ಗೌರಿಗೆ ಗೊತ್ತಿರುತ್ತೆ, ಕಾಯೋಣ" ಎಂದಳು. ಗೌರಿಯ ಕಿವಿಗಳನ್ನೇ ನೋಡುತ್ತಾ ನಿಂತಳು.

ಎಷ್ಟು ಹೊತ್ತಾಯಿತೋ. ಮೂರನೆಯ ಕೂಗು ಬರಲಿಲ್ಲ. ಗೌರಿಯ ಒಂದು ಕಿವಿ ಮುಂದಕ್ಕೆ ಬಂತು, ಆಮೇಲೆ ಇನ್ನೊಂದು. ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ಅದು ಹೆಜ್ಜೆ ತೆಗೆಯಿತು. ತುಂಗೆ ಹಿಂದೆಯೇ ಬಂತು. ನಾಲ್ವರೂ ಬೆಟ್ಟ ಇಳಿದರು; ಹಾಲಮ್ಮ ಮರಳಿ ಬಂದಾಗ ಬೇಲಿ ಹಾಗೆಯೇ ನಿಂತಿತ್ತು.

ಒಂಬತ್ತು ದಿನದ ಮೇಲೆ ಆಸ್ಪತ್ರೆಯಲ್ಲಿ ಮಾದೇವಿಗೆ ಹೆಣ್ಣು ಮಗು ಹುಟ್ಟಿತು. ಹೊಟ್ಟೆ ಕುಯ್ದು ತೆಗೆಯಬೇಕಾಯಿತು. ಬೆಟ್ಟದ ಮೇಲೇ ಇದ್ದಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಕುದುರೆಗಳೂ ಸರಿಹೋದವು. ಆಮೇಲೆ ಗಂಡು ಕುದುರೆಗಳು ಒಂದು ದಿನ ಬೆಟ್ಟ ಇಳಿದರೆ ಹೆಣ್ಣು ಕುದುರೆಗಳು ಇನ್ನೊಂದು ದಿನ ಇಳಿದವು. ತಿಂಗಳೊಳಗೆ ಕೆಂಪ ಮತ್ತು ಬೂದ ಮತ್ತೆ ಒಂದರ ಕತ್ತು ಇನ್ನೊಂದು ಕೆರೆದುಕೊಂಡು ನಿಂತವು. ಅವುಗಳ ನಡುವೆ ಆಗಿದ್ದನ್ನು ಅವು ಬೇಗ ಮರೆತವು.

ಹಾಲಮ್ಮ ಮಾಡಿದ್ದನ್ನು ಕೆಂಪ ಮರೆಯಲಿಲ್ಲ. ಹೊರೆ ಹೇರಿದರೆ ಹೊರುತ್ತಿದ್ದ, ಕರೆದರೆ ಬರುತ್ತಿದ್ದ. ಆದರೆ ಅವಳು ಕೈ ಎತ್ತಿದರೆ ಸಾಕು, ಬೆವರು ಒರೆಸಿಕೊಳ್ಳಲು ಎತ್ತಿದರೂ ಸರಿ, ಅವನ ಮೈಯೆಲ್ಲ ಒಮ್ಮೆ ನಡುಗುತ್ತಿತ್ತು. ಅವಳು ದಿನವೂ ಸಂಜೆ ಒಂದು ಹಿಡಿ ಹುಲ್ಲು ಹಿಡಿದು ಬೇಲಿಯ ಒಳಗೆ ಹೋಗಿ ನಿಲ್ಲುವಳು. ಅವನು ದೂರವೇ ನಿಲ್ಲುವನು. ಅವಳು ಹುಲ್ಲನ್ನು ನೆಲದ ಮೇಲಿಟ್ಟು ಬರುವಳು. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಮಾದೇವಿಯ ಮಗು ಬಯಲಿನಲ್ಲಿ ಅಂಬೆಗಾಲಿಡುವಷ್ಟು ದೊಡ್ಡದಾಯಿತು. ಮುಂಗಾರಿನ ಮೊದಲ ವಾರ ಒಂದು ಸಂಜೆ ಕೆಂಪ ಅವಳ ಕೈಯಿಂದ ಹುಲ್ಲು ತೆಗೆದುಕೊಂಡ. ಅವಳು ಇನ್ನೊಂದು ಕೈಯಿಂದ ಅವನ ಕತ್ತು ಮುಟ್ಟಲು ಹೋಗಲಿಲ್ಲ. ಅದಕ್ಕೆ ಇನ್ನೂ ದಿನ ಬೇಕು ಎಂದು ಅವಳಿಗೆ ಗೊತ್ತಿತ್ತು.

ನೀತಿ: ಭಯ ಹಿಡಿದಾಗ ನಮ್ಮ ಕೈ ಮುಂದೆ ಓಡುತ್ತದೆ, ಕಣ್ಣು ಹಿಂದೆ ಉಳಿಯುತ್ತದೆ. ಮನೆಯಲ್ಲಾಗಲಿ, ಮಂದೆಯಲ್ಲಾಗಲಿ, ಜಗಳ ಎದ್ದರೆ ಕೆಟ್ಟವರು ಯಾರು ಎಂದು ಹುಡುಕುವ ಮೊದಲು ಯಾರಿಗೆ ಎಲ್ಲಿ ಜಾಗ ಸಾಲುತ್ತಿಲ್ಲ ಎಂದು ಕೂತು ನೋಡಬೇಕು. ಹಾಗೆ ನೋಡಲು ಮೂರು ದಿನ ಸಾಕು. ನೋಡದೆ ಎತ್ತಿದ ಕೈಯನ್ನು ಮರೆಸಲು ವರ್ಷವೂ ಸಾಲದು.